ಯಾರ್ರೀ ಅದು, ಫ್ರೇಮಿನೊಳಗೆ ಬಂದಿದ್ದು?

ಯಾವುದಾದರೂ ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ ನೋಡಿ. ಓಬವ್ವನ ಕಿಂಡಿಯ ಮುಂದೆ ಪುಕ್ಕಟೆ ನಾಟಕವೊಂದು ನಡೆಯುತ್ತಿರುತ್ತದೆ. 'ನಾಗರಹಾವು' (1972) ನೋಡಿದ ಯಾವ ಹುಡುಗನಿಗೆ ತಾನೇ ಅಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ ಇಲ್ಲ ಹೇಳಿ! ಗೆಳೆಯನ ಕೈಗೆ ಮೊಬೈಲ್ ಕೊಡುತ್ತಾನೆ. ಕಾಲರ್ ಎತ್ತುತ್ತಾನೆ. ಕೂದಲು ತೀಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ರಾಮಾಚಾರಿಯ ಗತ್ತಿನಲ್ಲಿ ನಿಲ್ಲುತ್ತಾನೆ. 'ರೆಡೀನಾ? ಒನ್, ಟೂ...' ಅನ್ನುವಷ್ಟರಲ್ಲಿ ಬೆನ್ನ ಹಿಂದಿನ ಕಿಂಡಿಯಿಂದ ಒಂದು ತಲೆ ಹೊರಗೆ ಬರುತ್ತದೆ! ಪಾಪ, ಹಾಸನದ ಕಡೆಯ ಯಾರೋ ಯಜಮಾನರು. ಅವರ ಹಿಂದೆ ಅವರ ಹೆಂಡತಿ. ಅವರ ಹಿಂದೆ ಮೂರು ಮಕ್ಕಳು. ಆಮೇಲೆ ಇಡೀ ಸ್ಕೂಲ್ ಟ್ರಿಪ್ಪು!

ಆ ಕಿಂಡಿಯ ಕಥೆಯೇ ಅದಲ್ಲವೇ? ಒಬ್ಬೊಬ್ಬರಾಗಿ ನುಸುಳಿ ಬರುವ ಜಾಗ ಅದು. ಹೈದರಾಲಿಯ ಸೈನಿಕರು ಬಂದದ್ದೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಓಬವ್ವನ ಕೈಯಲ್ಲಿ ಒನಕೆ ಇತ್ತು. ನಮ್ಮ ಹುಡುಗನ ಗೆಳೆಯನ ಕೈಯಲ್ಲಿ ಇರುವುದು ಬರೀ ಮೊಬೈಲು.

'ಥೂ! ಒಂದು ಫೋಟೋ ನೆಟ್ಟಗೆ ತೆಗೆಯೋಕೆ ಬಿಡಲ್ಲಪ್ಪ ಈ ಜನ' ಎಂದು ಗೊಣಗಬೇಡಿ. ಲಕ್ಷಾಂತರ ರೂಪಾಯಿ ಸುರಿದು, ಕ್ರೇನು, ಟ್ರಾಲಿ, ಜನರೇಟರು ಎಲ್ಲ ಹೊತ್ತು ತಂದವರಿಗೂ ಇದೇ ಗೋಳು. ಅವರು ಅದನ್ನು ಹೇಗೆ ಸುಧಾರಿಸಿದರು ಅಂತ ಸ್ವಲ್ಪ ನೋಡೋಣ. ನಿಮ್ಮ ಫೋಟೋಕ್ಕೂ ಉಪಯೋಗ ಬೀಳುತ್ತದೆ.

ಸೆಕೆಂಡಿಗೆ ಒಂದೂವರೆ ಅಡಿ!

ಮೊದಲು ಇದರ ಲೆಕ್ಕಾಚಾರ ತಿಳಿಯಿರಿ. ರೀಲಿನ ಕಾಲದಲ್ಲಿ 35 ಮಿಲಿಮೀಟರ್ ಕ್ಯಾಮರಾದೊಳಗೆ ಫಿಲಂ ಓಡುತ್ತಿದ್ದದ್ದು ನಿಮಿಷಕ್ಕೆ 90 ಅಡಿ. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ. ಹೊರಾಂಗಣದಲ್ಲಿ ಬಳಸುತ್ತಿದ್ದ 400 ಅಡಿಯ ಮ್ಯಾಗಜಿನ್ನು ನಾಲ್ಕೂವರೆ ನಿಮಿಷವೂ ಬರುತ್ತಿರಲಿಲ್ಲ. ನಾಯಕ ನಾಯಕಿಯ ಕೈಹಿಡಿದು ಇಪ್ಪತ್ತು ಸೆಕೆಂಡು ನಡೆದಿದ್ದಾನೆ, ಮುಖದಲ್ಲಿ ಭಾವ ಸರಿಯಾಗಿ ಬಂದಿದೆ, ಸಂಜೆಯ ಬೆಳಕು ಚಿನ್ನದಂತೆ ಬಿದ್ದಿದೆ. ಅಷ್ಟರಲ್ಲಿ ಹಿಂದುಗಡೆ ಒಬ್ಬ ಸೈಕಲ್ ನಿಲ್ಲಿಸಿ ಕ್ಯಾಮರಾ ಕಡೆ ನೋಡಿ ಹಲ್ಲು ಕಿರಿದ! ಕಟ್! ಎನ್.ಜಿ.! ಮೂವತ್ತು ಅಡಿ ಫಿಲಂ ಡಬ್ಬಕ್ಕೆ. ಆ ಫಿಲಮ್ಮಿಗೆ ದುಡ್ಡು ಕೊಟ್ಟ ನಿರ್ಮಾಪಕ ಅಲ್ಲೇ ಮರದ ಕೆಳಗೆ ಕುರ್ಚಿ ಹಾಕಿ ಕೂತಿರುತ್ತಿದ್ದ. ಅವನ ಮುಖ ಹೇಗಾಗಿರಬೇಡ!

ಈಗ ಡಿಜಿಟಲ್ ಬಂದಿದೆ, ಫಿಲಂ ಖರ್ಚಿಲ್ಲ, ನಿಜ. ಆದರೆ ಮುಳುಗುವ ಸೂರ್ಯ ಡಿಜಿಟಲ್ ಆಗಿಲ್ಲವಲ್ಲ! ಕಾಲ್‌ಷೀಟ್ ಮುಗಿಯುವ ಹೊತ್ತೂ ನಿಲ್ಲುವುದಿಲ್ಲ.

ಹಿಂದೆ ನಮ್ಮ ಕನ್ನಡ ಚಿತ್ರಗಳೆಲ್ಲ ಹೆಚ್ಚಾಗಿ ಮದರಾಸಿನ ಸ್ಟುಡಿಯೋ ಫ್ಲೋರುಗಳಲ್ಲೇ ತಯಾರಾಗುತ್ತಿದ್ದವು. ಕಾಡೂ ಸೆಟ್ಟೇ, ಕೈಲಾಸವೂ ಸೆಟ್ಟೇ. ಬಾಗಿಲು ಹಾಕಿ ಕೆಂಪು ದೀಪ ಹೊತ್ತಿಸಿದರೆ ನರಪಿಳ್ಳೆಯೂ ಒಳಗೆ ಬರುವಂತಿರಲಿಲ್ಲ. ಯಾವಾಗ ನಮ್ಮ ನಿರ್ದೇಶಕರು ಕ್ಯಾಮರಾ ಹೊತ್ತು ಊರೂರಿಗೆ ಹೊರಟರೋ ಆಗ ಶುರುವಾಯಿತು ನೋಡಿ ತಮಾಷೆ! 'ಸಂಸ್ಕಾರ' (1970) ಶೃಂಗೇರಿಯ ಹತ್ತಿರದ ವೈಕುಂಠಪುರಕ್ಕೆ ಹೋಯಿತು. ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಬಂಡೆ ಹತ್ತಿದರು. ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ಚಿಕ್ಕಮಗಳೂರು ಜಿಲ್ಲೆಯ ಕಳಸಾಪುರದಲ್ಲಿ ಬೀಡುಬಿಟ್ಟಿತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್'ಗಾಗಿ (1986) ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿಬಿಟ್ಟರು. ನಿಜವಾದ ಕಲ್ಲು, ನಿಜವಾದ ಮಳೆ, ನಿಜವಾದ ಬೀದಿ ಸಿಕ್ಕಿತು. ಜೊತೆಗೆ ಆ ಬೀದಿಯಲ್ಲಿ ಓಡಾಡುವ ನಿಜವಾದ ಮನುಷ್ಯನೂ ಸಿಕ್ಕಿದ. ಬೀದಿ ಅವನದ್ದು! ಅವನು ಬರದೆ ಇರುತ್ತಾನೆಯೇ?

'ಅಣ್ಣಾ, ಕ್ಯಾಮರಾ ನೋಡಬೇಡಿ'

ನೀವೂ ಷೂಟಿಂಗ್ ನೋಡಲು ಹೋಗಿರುತ್ತೀರಿ. (ಹೋಗದವರು ಈ ಪತ್ರಿಕೆ ಯಾಕೆ ಕೊಳ್ಳುತ್ತೀರಿ!) ಅಲ್ಲಿ ಹಗ್ಗ ಹಿಡಿದು, ಗಂಟಲು ಹರಿದುಕೊಂಡು ಓಡಾಡುವ ಒಬ್ಬ ಬಡಪಾಯಿಯನ್ನು ನೋಡಿದ್ದೀರಾ? ಅವನೇ ಸಹಾಯಕ ನಿರ್ದೇಶಕ. ಇಡೀ ಯೂನಿಟ್ಟಿನಲ್ಲಿ ಜನರ ಮನಸ್ಸು ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಯಾರನ್ನು 'ಅಣ್ಣಾ' ಅನ್ನಬೇಕು, ಯಾರನ್ನು 'ಯಜಮಾನ್ರೇ' ಅನ್ನಬೇಕು, ಯಾವ ಅಜ್ಜಿಗೆ 'ತಾಯೀ, ನೀವು ಇಲ್ಲಿ ನೆರಳಲ್ಲಿ ಕೂತ್ಕಳಿ' ಅಂತ ಸ್ಟೂಲು ತಂದುಕೊಡಬೇಕು, ಎಲ್ಲ ಅವನಿಗೆ ಗೊತ್ತು.

ಊರಿಗೆ ಕಾಲಿಟ್ಟ ಮೊದಲ ದಿನವೇ ಅವನು ಒಂದು ಕೆಲಸ ಮಾಡುತ್ತಾನೆ. ಗುಂಪಿನಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ಹುಡುಗ ಯಾರು ಅಂತ ನೋಡುತ್ತಾನೆ. ಅವನ ಕೈಗೇ ಹಗ್ಗದ ಒಂದು ತುದಿ ಕೊಟ್ಟುಬಿಡುತ್ತಾನೆ! 'ಬ್ರದರ್, ಈ ಕಡೆ ಪೂರ್ತಿ ನಿಮ್ಮ ಜವಾಬ್ದಾರಿ.' ಮುಗಿಯಿತು. ಅಲ್ಲಿಯ ತನಕ ಶಿಳ್ಳೆ ಹೊಡೆಯುತ್ತಿದ್ದವನು ಅಂದಿನಿಂದ ಸ್ವಂತ ಚಿಕ್ಕಪ್ಪನನ್ನೂ ಫ್ರೇಮಿನೊಳಗೆ ಬಿಡುವುದಿಲ್ಲ!

ಇನ್ನೊಂದು ಉಪಾಯ: ಖಾಲಿ ಕ್ಯಾಮರಾ. ಬೀದಿಯ ಆ ತುದಿಯಲ್ಲಿ ಟ್ರೈಪಾಡು, ಕೊಡೆ, ರಿಫ್ಲೆಕ್ಟರು ಎಲ್ಲ ಇಟ್ಟು ದೊಡ್ಡ ಗದ್ದಲ ಎಬ್ಬಿಸುವುದು. ಜನವೆಲ್ಲ ಅತ್ತ ಓಡುತ್ತದೆ. ಅಸಲಿ ಕ್ಯಾಮರಾ ಇತ್ತ ವ್ಯಾನಿನೊಳಗೆ ಪರದೆಯ ಹಿಂದೆ ಕೂತು, ಉದ್ದ ಲೆನ್ಸಿನಿಂದ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ನಾಯಕ ನಟನನ್ನು ಕೊನೆಯ ಗಳಿಗೆಯವರೆಗೂ ಕಾರಿನಲ್ಲೇ ಕೂರಿಸಿ, ರಿಹರ್ಸಲ್ಲಿಗೆ ಬೇರೆ ಯಾರನ್ನೋ ನಡೆಸುವುದೂ ಉಂಟು. ಬೆಳಗಿನ ಜಾವ ಹಾಲಿನವನೂ ಏಳುವ ಮೊದಲೇ ಷಾಟ್ ಮುಗಿಸುವುದಂತೂ ಎಲ್ಲಕ್ಕಿಂತ ಸುರಕ್ಷಿತ.

ಇಷ್ಟೆಲ್ಲ ಆದ ಮೇಲೂ ಒಂದು ಮಾತನ್ನು ಮಾತ್ರ ಯಾವ ಸಹಾಯಕ ನಿರ್ದೇಶಕನೂ ಹೇಳಬಾರದು. 'ಅಣ್ಣಾ, ಯಾರೂ ಕ್ಯಾಮರಾ ನೋಡಬೇಡಿ!' ಹೇಳಿದನೋ, ಅಲ್ಲಿಯವರೆಗೆ ಎಮ್ಮೆ ಕಡೆ ನೋಡುತ್ತಿದ್ದವನೂ ತಿರುಗಿ ಕ್ಯಾಮರಾ ನೋಡುತ್ತಾನೆ! ಅದಕ್ಕೆ ಚಾಣಾಕ್ಷರು ಹೇಳುವುದೇ ಬೇರೆ. 'ಆ ಮರದ ಮೇಲಿನ ಕಾಗೆ ನೋಡ್ತಾ ಇರಿ' ಅನ್ನುತ್ತಾರೆ. ಕಣ್ಣಿಗೆ ಒಂದು ಕೆಲಸ ಕೊಡಬೇಕು ಕಣ್ರೀ, ಬೇಡ ಅಂದರೆ ಕಣ್ಣು ಕೇಳುವುದಿಲ್ಲ.

ಅಂಚೆ ಗಾಡಿಯಲ್ಲಿ ಕ್ಯಾಮರಾಮನ್!

ಹೊರದೇಶದಲ್ಲಿ ಜನ ಶಿಸ್ತಾಗಿರುತ್ತಾರೆ, ಇದೆಲ್ಲ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ ಈ ಎರಡು ಕಥೆ ಕೇಳಿ.

1959ರಲ್ಲಿ ಫ್ರಾನ್ಸಿನ ಗೊಡಾರ್ಡ್ 'ಬ್ರೆತ್‌ಲೆಸ್' ಚಿತ್ರ ತೆಗೆಯುತ್ತಿದ್ದ. ಕೈಯಲ್ಲಿ ದುಡ್ಡಿಲ್ಲ. ನಾಯಕ ಬೆಲ್ಮಂಡೊ, ನಾಯಕಿ ಜೀನ್ ಸೀಬರ್ಗ್ ಪ್ಯಾರಿಸ್ಸಿನ ಅತಿ ಜನನಿಬಿಡ ರಸ್ತೆಯಾದ ಷಾಂಜ್ ಎಲಿಸೇಯಲ್ಲಿ ಮಾತಾಡುತ್ತಾ ನಡೆಯಬೇಕು. ಆ ರಸ್ತೆ ಬಂದ್ ಮಾಡಿಸುವುದು ಬಡ ನಿರ್ಮಾಪಕನ ಕೈಲಾಗುವ ಮಾತೇ? ಗೊಡಾರ್ಡ್ ಏನು ಮಾಡಿದ ಗೊತ್ತಾ? ಅಂಚೆಯವರು ತಳ್ಳಿಕೊಂಡು ಹೋಗುವ ಮುಚ್ಚಿದ ಗಾಡಿಯೊಳಗೆ ಛಾಯಾಗ್ರಾಹಕ ರಾವುಲ್ ಕುತಾರ್‌ನನ್ನು ಕ್ಯಾಮರಾ ಸಮೇತ ಮುದುಡಿಸಿ ಕೂರಿಸಿದ! ಗಾಡಿ ತಳ್ಳಿಕೊಂಡು ಹೋದರು. ದಾರಿಹೋಕರಿಗೆ ಅದು ಬರೀ ಟಪಾಲು ಗಾಡಿ. ಆದರೂ ಕೆಲವು ಷಾಟುಗಳಲ್ಲಿ ಜನ ತಿರುಗಿ ನೋಡಿದ್ದಾರೆ. ಗೊಡಾರ್ಡ್ ಅದನ್ನು ಕತ್ತರಿಸಲು ಹೋಗಲಿಲ್ಲ, ಹಾಗೇ ಬಿಟ್ಟ. 1960ರಲ್ಲಿ ಚಿತ್ರ ಬಿಡುಗಡೆಯಾಯಿತು. ಬೀದಿ ಬೀದಿಯಂತೆಯೇ ಕಾಣುತ್ತದೆ ಎಂದು ಜಗತ್ತೇ ಹೊಗಳಿತು!

ಇನ್ನೊಂದು ಕಥೆ ಮರ್ಲಿನ್ ಮನ್ರೋದು. ಪುಟದ ನಡುವೆ ಅಂಟಿಸಿಕೊಳ್ಳುವಂಥ ಆ ಚಿತ್ರ ಯಾರು ನೋಡಿಲ್ಲ? ಬಿಳಿ ಉಡುಪು, ಕೆಳಗಿನ ಜಾಲರಿಯಿಂದ ನುಗ್ಗುವ ಗಾಳಿ, ನಗು. 1954ರ ಸೆಪ್ಟೆಂಬರ್ 15ರ ರಾತ್ರಿ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂ. ಚಿತ್ರ 'ದಿ ಸೆವೆನ್ ಇಯರ್ ಇಚ್'. ನಿರ್ದೇಶಕ ಬಿಲ್ಲಿ ವೈಲ್ಡರ್. ಮಧ್ಯರಾತ್ರಿ ದಾಟಿದರೂ ಸಾವಿರಾರು ಜನ! ಪ್ರತಿ ಸಲ ಗಾಳಿ ಬೀಸಿದಾಗಲೂ ಶಿಳ್ಳೆ, ಕೇಕೆ. ಗುಂಪಿನಲ್ಲಿ ಮನ್ರೋಳ ಗಂಡ, ಬೇಸ್‌ಬಾಲ್ ಆಟಗಾರ ಜೋ ಡಿಮ್ಯಾಜಿಯೋ ಕೂಡ ಇದ್ದ. ತನ್ನ ಹೆಂಡತಿಯನ್ನು ಊರು ಊರೇ ಹೀಗೆ ನೋಡುವುದನ್ನು ಕಂಡು ಕೆಂಡವಾದ. ಮುಂದಿನ ತಿಂಗಳೇ ಮನ್ರೋ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಆ ದೃಶ್ಯವನ್ನು ಹಾಲಿವುಡ್ಡಿನ ಸ್ಟುಡಿಯೋದಲ್ಲಿ ಮತ್ತೆ ತೆಗೆಯಬೇಕಾಯಿತು. ಒಂದು ರಾತ್ರಿಯ ಷೂಟಿಂಗು ಗದ್ದಲದ ಪಾಲು! ಉಳಿದು ಬಂದದ್ದು ಅಂದು ಸ್ಟಿಲ್ ಕ್ಯಾಮರಾದವರು ಹೊಡೆದ ಫೋಟೋಗಳು. ಅವು ಅಮರವಾದವು. ಆ ಹೆಂಗಸಿನ ಸಂಸಾರ ಏನಾಯಿತು ಅಂತ ಶಿಳ್ಳೆ ಹೊಡೆದವರು ಕೇಳಿರಲಾರರು ಬಿಡಿ.

ಜನ ಬೇಡವೆಂದರೆ ಊರನ್ನೇ ಕಟ್ಟಿಕೊಳ್ಳಬೇಕು! ರಮೇಶ್ ಸಿಪ್ಪಿ 'ಷೋಲೆ'ಗೆ ಮಾಡಿದ್ದು ಅದನ್ನೇ. ನಮ್ಮ ರಾಮನಗರದ ಬಂಡೆಗಳ ಬುಡದಲ್ಲಿ ಇಡೀ ರಾಮಗಢವನ್ನೇ ಎಬ್ಬಿಸಿದರು. 1973ರಲ್ಲಿ ಆರಂಭವಾಗಿ 1975ರಲ್ಲಿ ತೆರೆಗೆ ಬಂತು. ಜನವೇ ಬೇಕೆಂದರೆ ಡಂಗುರ ಹೊಡೆದು ಕರೆಯಬೇಕು. ಆಟೆನ್‌ಬರೋ 'ಗಾಂಧಿ' ಚಿತ್ರದ ಶವಯಾತ್ರೆಗೆ 1981ರ ಜನವರಿ 31ರಂದು ದೆಹಲಿಯ ಅಂದಿನ ರಾಜಪಥದಲ್ಲಿ ಹಾಗೆ ಸೇರಿಸಿದ್ದು ಮೂರು ಲಕ್ಷ ಜನ. ಹನ್ನೊಂದು ಕ್ಯಾಮರಾ ತಂಡ! ತೆರೆಯ ಮೇಲೆ ಉಳಿದದ್ದು ಸುಮಾರು ಎರಡು ನಿಮಿಷ.

ಅಡ್ಡ ಬಂದವನೇ ಹೀರೋ

ಇವೆಲ್ಲಕ್ಕೂ ಮೊದಲಿನ ಕಥೆಯೊಂದಿದೆ. ನನಗೆ ಕೇಳಿದರೆ ಸಿನಿಮಾ ಚರಿತ್ರೆಯ ಅತ್ಯಂತ ಸೊಗಸಾದ ತಮಾಷೆ ಅದು.

1914ರ ಜನವರಿ. ಅಮೆರಿಕದ ಲಾಸ್ ಏಂಜಲಿಸ್ ಹತ್ತಿರದ ವೆನಿಸ್ ಎಂಬ ಕಡಲತೀರದ ಊರು. ಅಲ್ಲಿ ಮಕ್ಕಳ ಪುಟ್ಟ ಗಾಡಿಗಳ ರೇಸು. ಸೆಟ್ಟಲ್ಲ, ನಿಜವಾದ ರೇಸು. ನಿಜವಾದ ಜನ ಸಾಲಾಗಿ ನಿಂತು ನೋಡುತ್ತಿದ್ದಾರೆ. ಕೀಸ್ಟೋನ್ ಕಂಪೆನಿಯ ಕ್ಯಾಮರಾ ಅಲ್ಲಿಗೆ ಬಂತು. ದೊಗಳೆ ಷರಾಯಿ, ಬಿಗಿಯಾದ ಕೋಟು, ಪುಟ್ಟ ಟೋಪಿ, ಕೈಯಲ್ಲಿ ಬೆತ್ತ ಹಿಡಿದ ಒಬ್ಬ ಆಸಾಮಿ ಕ್ಯಾಮರಾದ ಮುಂದೆ ಬಂದು ನಿಂತ. ಸುದ್ದಿಚಿತ್ರದ ನಿರ್ದೇಶಕ 'ಸರಿಯಯ್ಯ ಆಚೆ' ಎಂದು ತಳ್ಳಿದ. ಆಚೆ ಹೋದ ಹಾಗೆ ಮಾಡಿ ಮತ್ತೆ ಬಂದ. ಕತ್ತಿನ ಪಟ್ಟಿ ಹಿಡಿದು ನೂಕಿದ. ಇನ್ನೊಂದು ಕಡೆಯಿಂದ ಬಂದ! ರೇಸಿನ ಗಾಡಿ ಬರುವ ದಾರಿಯಲ್ಲೇ ನಿಂತು ಕ್ಯಾಮರಾಕ್ಕೆ ಪೋಸು ಕೊಟ್ಟ. ಆರೇಳು ನಿಮಿಷದ ಚಿತ್ರ ಪೂರ್ತಿ ಇದೇ! ಸಾಲಿನಲ್ಲಿ ನಿಂತ ಜನರಿಗೆ ಇವನ್ಯಾರೆಂದು ಗೊತ್ತಿಲ್ಲ. ಮೊದಮೊದಲು 'ಯಾವನೋ ಅರೆಹುಚ್ಚ' ಎಂಬಂತೆ ನೋಡುತ್ತಾರೆ, ಬರಬರುತ್ತಾ ನಗಲು ಶುರುಮಾಡುತ್ತಾರೆ.

ಆ ಆಸಾಮಿಯೇ ಚಾರ್ಲಿ ಚಾಪ್ಲಿನ್! ಚಿತ್ರ 'ಕಿಡ್ ಆಟೋ ರೇಸಸ್ ಅಟ್ ವೆನಿಸ್'. ತಳ್ಳುವ ನಿರ್ದೇಶಕನ ಪಾತ್ರದಲ್ಲಿದ್ದವನು ನಿಜವಾದ ನಿರ್ದೇಶಕ ಹೆನ್ರಿ ಲೆಹರ್ಮನ್. 1914ರ ಫೆಬ್ರವರಿ 7ರಂದು ಅದು ಬಿಡುಗಡೆಯಾಯಿತು. ಜಗತ್ತೆಲ್ಲ ಮುಂದೆ ಕಣ್ಣಿಗೊತ್ತಿಕೊಂಡ ಆ ಬಡ ಅಲೆಮಾರಿಯ ವೇಷವನ್ನು ಪ್ರೇಕ್ಷಕ ಮೊದಲು ನೋಡಿದ್ದು ಅಂದು. ಬೇರೊಬ್ಬರ ಫ್ರೇಮಿಗೆ ಅಡ್ಡ ಬರುವವನಾಗಿ! ಆ ದಿನ ಓಡಿದ ರೇಸಿನಲ್ಲಿ ಗೆದ್ದ ಹುಡುಗ ಯಾರು? ಯಾರಿಗೆ ಬೇಕು ಬಿಡಿ.

ನಿಮ್ಮ ಫೋಟೋ, ಅವರ ಬೀದಿ

ಸರಿ, ಈಗ ಮತ್ತೆ ಚಿತ್ರದುರ್ಗಕ್ಕೆ ಬನ್ನಿ. ಗೆಳೆಯ ಇನ್ನೂ ಸೊಂಟದ ಮೇಲೆ ಕೈಯಿಟ್ಟೇ ನಿಂತಿದ್ದಾನೆ.

ಮೊದಲು ಮಾಡಬೇಕಾದ್ದು ಏನೂ ಮಾಡದೆ ಇರುವುದು. ಸ್ಕೂಲ್ ಟ್ರಿಪ್ಪು ಹೋಗಲಿ. ಎಂಥ ಗುಂಪಿನ ನಡುವೆಯೂ ಎರಡು ಮೂರು ಸೆಕೆಂಡು ಖಾಲಿ ಸಿಕ್ಕೇ ಸಿಗುತ್ತದೆ, ಆ ಗಳಿಗೆಗೆ ಬೆರಳು ಸಿದ್ಧವಾಗಿರಬೇಕು. ಅಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಇಟ್ಟುಕೊಂಡಿದ್ದ ನಿಮ್ಮ ಅಪ್ಪ, ಚಿಕ್ಕಪ್ಪಂದಿರನ್ನು ಕೇಳಿ ನೋಡಿ. ಒಂದು ರೋಲಿಗೆ ಹನ್ನೆರಡೇ ಫೋಟೋ. ಅವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿರಲಿಲ್ಲ! ಇನ್ನು ನಿಂತ ಜಾಗದಿಂದ ಎರಡು ಹೆಜ್ಜೆ ಸರಿದರೆ, ಅಥವಾ ಮಂಡಿಯೂರಿ ಕೆಳಗಿನಿಂದ ಮೇಲಕ್ಕೆ ಹಿಡಿದರೆ ಹಿಂದಿನ ಅರ್ಧ ಜನ ಗೆಳೆಯನ ಬೆನ್ನ ಹಿಂದೆ ಮರೆಯಾಗುತ್ತಾರೆ, ಉಳಿದವರ ಜಾಗದಲ್ಲಿ ಆಕಾಶ ಬರುತ್ತದೆ. ಗೆಳೆಯನೂ ಒಂದು ಗೇಣು ಎತ್ತರ ಕಾಣುತ್ತಾನೆ. ಕಟೌಟಿನ ಗುಟ್ಟೂ ಇದೇ ತಾನೇ!

ಟ್ರೈಪಾಡ್ ಇದ್ದವರಿಗೆ ಇನ್ನೊಂದು ಜಾದೂ ಇದೆ. 1838ರಲ್ಲಿ ಪ್ಯಾರಿಸ್ಸಿನ ಡಾಗೇರ್ ಎಂಬಾತ ತನ್ನ ಕಿಟಕಿಯಿಂದ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದ. ಒಂದು ಚಿತ್ರ ಮೂಡಲು ಆಗ ಹಲವು ನಿಮಿಷ ಬೇಕಿತ್ತು. ಓಡಾಡುವ ಕುದುರೆಗಾಡಿ, ಜನ ಯಾವುದೂ ಮೂಡಲಿಲ್ಲ. ಬೀದಿ ಬಿಕೋ ಅನ್ನುತ್ತದೆ! ಮೂಲೆಯಲ್ಲಿ ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬನೂ ಪಾಲಿಷ್ ಮಾಡುವವನೂ ಮಾತ್ರ ಉಳಿದರು. ಮನುಷ್ಯ ಕಾಣುವ, ನಮಗೆ ತಿಳಿದಿರುವ ಮೊದಲ ಫೋಟೋ ಅದು. ಇಂದೂ ಲೆನ್ಸಿನ ಮುಂದೆ ಕಪ್ಪು ಫಿಲ್ಟರು ಹಾಕಿ ಅರ್ಧ ನಿಮಿಷವೋ ಒಂದು ನಿಮಿಷವೋ ತೆರೆದಿಟ್ಟರೆ ನಡೆದಾಡುವವರು ಹೊಗೆಯಂತೆ ಕರಗಿಹೋಗುತ್ತಾರೆ. ಕೋಟೆ ಮಾತ್ರ ನಿಲ್ಲುತ್ತದೆ. ಆದರೆ ನಿಮ್ಮ ರಾಮಾಚಾರಿ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನಿಲ್ಲಬಲ್ಲನೇ, ಅದನ್ನು ಅವನನ್ನೇ ಕೇಳಿ.

ಮೊಬೈಲಿನಲ್ಲಿ ಬೆರಳಿನಿಂದ ಸವರಿ ಜನರನ್ನು ಅಳಿಸಿಬಿಡುವ ಸೌಕರ್ಯವೂ ಈಗ ಬಂದಿದೆ. ತುರ್ತಿಗೆ ಆದೀತು. ಆದರೆ ಅಳಿಸಿದ ಜಾಗಕ್ಕೆ ಅದು ತಾನೇ ಊಹಿಸಿದ ಕಲ್ಲು ಮೆತ್ತುತ್ತದೆ. ನಾಯಕರು ಕಟ್ಟಿಸಿದ ಕೋಟೆಗೆ ಮೊಬೈಲು ಕಲ್ಲು ಜೋಡಿಸುವುದು ನನಗಂತೂ ಸರಿಬರುವುದಿಲ್ಲ.

ಎಲ್ಲಕ್ಕಿಂತ ಸುಲಭದ ದಾರಿಯನ್ನು ನಮ್ಮ ಹುಡುಗರು ಯಾಕೋ ಮರೆಯುತ್ತಾರೆ. ಬಾಯಿಬಿಟ್ಟು ಕೇಳುವುದು! 'ಯಜಮಾನ್ರೇ, ಒಂದೇ ಒಂದು ಫೋಟೋ ತೆಕ್ಕೊಂಡ್ಬಿಡ್ತೀವಿ' ಅಂದರೆ ನೂರಕ್ಕೆ ತೊಂಬತ್ತು ಮಂದಿ ನಗುತ್ತಾ ನಿಲ್ಲುತ್ತಾರೆ. ಆಮೇಲೆ ಅವರ ಸಂಸಾರದ ಫೋಟೋ ನೀವು ತೆಗೆದುಕೊಡಿ. ಅವರ ಫೋಟೋಕ್ಕೆ ಅಷ್ಟು ಹೊತ್ತೂ ಅಡ್ಡ ನಿಂತಿದ್ದವರು ನೀವೇ ಅಂತ ಆಗ ಗೊತ್ತಾಗುತ್ತದೆ!

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಥಿಯೇಟರ್ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ನೀವು ತೆಗೆದ ಫೋಟೋದ ಹಿಂದೆ ಯಾರೋ ಹೆಣ್ಣುಮಗಳು ಬಂದಿರುತ್ತಾಳೆ. ಮಗುವಿಗೆ ಹಾಲೂಡಿಸುತ್ತಲೋ, ದಣಿದು ಲಗೇಜಿನ ಮೇಲೆ ಒರಗಿ ನಿದ್ದೆಹೋಗಿಯೋ. ಅವಳು ಬಸ್ಸಿಗೆ ಬಂದವಳು, ನಿಮ್ಮ ಫೋಟೋಕ್ಕಲ್ಲ. ಅದನ್ನು ನಾಲ್ಕು ಜನರಿಗೆ ಹಂಚುವ ಮೊದಲು ಅವಳ ಭಾಗ ಕತ್ತರಿಸಿ. ಕತ್ತರಿಸಲಾಗದಿದ್ದರೆ ಬೇರೆ ಫೋಟೋ ತೆಗೆಯಿರಿ. ಅಲ್ಲಿಯೇ ಕಂಡು 'ಅಳಿಸಪ್ಪ' ಅಂದಳೋ, ಮರುಮಾತಿಲ್ಲದೆ ಅಳಿಸಿ, ಅಳಿಸಿದ್ದನ್ನು ತೋರಿಸಿ. ಇದರಲ್ಲಿ ಹೀರೋತನ ಕಡಿಮೆಯಾಗುವುದಿಲ್ಲ. ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ ಕೇಕೆ ಹಾಕಿದವರ ಸಾಲಿಗೆ ನೀವು ಸೇರಬೇಡಿ.

ಇಷ್ಟಾದ ಮೇಲೂ ಒಂದೊಂದು ಸಲ ಯಾರೋ ಅಡ್ಡ ಬಂದಿರುತ್ತಾರೆ. ತಟ್ಟನೆ ಅಳಿಸಿಬಿಡಬೇಡಿ ಅನ್ನುವುದಕ್ಕೆ ಕಾರಣ ಇದೆ. ಬೆಂಗಳೂರಿನ ಕೆಂಪೇಗೌಡ ರಸ್ತೆ, ಗಾಂಧಿನಗರದ ಹಳೆಯ ಫೋಟೋಗಳನ್ನು ಎಂದಾದರೂ ಕೈಗೆತ್ತಿಕೊಂಡು ನೋಡಿ. ಕಟೌಟು, ಸ್ಟಾರು, ಹೂವಿನ ಹಾರ ಎಲ್ಲ ಇರುತ್ತದೆ. ಮೆಜೆಸ್ಟಿಕ್, ಅಲಂಕಾರ್, ಹಿಮಾಲಯ, ಸಾಗರ್, ಕಪಾಲಿ ಚಿತ್ರಮಂದಿರಗಳು ಇಂದಿಲ್ಲ. ಕಟೌಟಿನಲ್ಲಿದ್ದ ನಾಯಕನ ಮುಖ ನಮಗೆ ಸಾವಿರ ಕಡೆ ಸಿಗುತ್ತದೆ. ಆದರೆ ಕೆಳಗೆ ಮೂಲೆಯಲ್ಲಿ, ಫೋಟೋಗ್ರಾಫರನಿಗೆ ಗೊತ್ತಿಲ್ಲದೆಯೇ ನುಗ್ಗಿದವನೊಬ್ಬ ಇರುತ್ತಾನಲ್ಲ? ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಕೈಯಲ್ಲಿ ಸೈಕಲ್ಲು, ಹ್ಯಾಂಡಲಿಗೆ ನೇತುಹಾಕಿದ ಟಿಫನ್ ಕ್ಯಾರಿಯರು. ಕೆಲಸಕ್ಕೆ ಹೊರಟವನು ಕಟೌಟು ನೋಡಿ ನಿಂತುಬಿಟ್ಟಿದ್ದಾನೆ. ಅವನ ಮುಖ ಆ ಫೋಟೋ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಅಂದಿನ ಬೆಂಗಳೂರು ಹೇಗಿತ್ತು ಅಂತ ಕಟೌಟಿಗಿಂತ ಚೆನ್ನಾಗಿ ಹೇಳುವವನು ಅವನೇ.

ಮುಂದಿನ ದೊಡ್ಡ ಬಿಡುಗಡೆಯ ದಿನ ನಿಮ್ಮ ಊರ ಥಿಯೇಟರ್ ಮುಂದೆ ಕಟೌಟಿನ ಫೋಟೋ ತೆಗೆಯುವ ಮನಸ್ಸಿದ್ದರೆ ಬೆಳಗಿನ ಜಾವ ಐದಕ್ಕೇ ಹೋಗಿ. ಹಾಲಿನ ಅಭಿಷೇಕ, ಪಟಾಕಿ, ತಮಟೆ ಶುರುವಾಗುವ ಮೊದಲು. ಹಾರ ತಾಜಾ ಇರುತ್ತದೆ, ಬೆಳಕು ತಂಪಾಗಿರುತ್ತದೆ, ಬೀದಿ ಖಾಲಿ ಇರುತ್ತದೆ. ಸೈಕಲ್ಲಿನ ಮೇಲೆ ಕ್ಯಾನಿಟ್ಟುಕೊಂಡು ಟೀ ಮಾರುವವನೊಬ್ಬ ಮಾತ್ರ ಫ್ರೇಮಿನ ಎಡಗಡೆಗೆ ಬಂದೇ ಬರುತ್ತಾನೆ. ಬರಲಿ ಬಿಡಿ. ಒಂದು ಟೀ ತೆಗೆದುಕೊಂಡು ಮಾತಾಡಿಸಿ. ಯಾವ ಕಡೆ ನಿಂತರೆ ಕರೆಂಟ್ ಕಂಬದ ವೈರು ಹೀರೋ ಮುಖಕ್ಕೆ ಅಡ್ಡ ಬರುವುದಿಲ್ಲ ಅಂತ ಅವನೇ ತೋರಿಸುತ್ತಾನೆ.